ಆರನೆಯ ತರಗತಿಯ ಸೀಟು, ಮೂರನೆಯ ತರಗತಿಯ ನಿರ್ಧಾರ

ಮಗುವನ್ನು ಶಾಲೆಗೆ ಸೇರಿಸಲು ಹೊರಟ ಮಂಗಳೂರಿನ ಹೆತ್ತವರಲ್ಲಿ ಕೆಲವು ಪ್ರಶ್ನೆಗಳು ಸಿದ್ಧವಾಗಿರುತ್ತವೆ. ಇಂಗ್ಲಿಷ್ ಮೀಡಿಯಂ ಇದೆಯೇ? ವ್ಯಾನ್ ಮನೆಯ ತನಕ ಬರುತ್ತದೆಯೇ? ಡೊನೇಶನ್ ಎಷ್ಟು? ಬೆಳಗ್ಗಿನ ಮದ್ರಸಕ್ಕೆ ತೊಂದರೆಯಾಗುತ್ತದೆಯೇ? ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಐದನೆಯ ತರಗತಿ ಮುಗಿದಾಗ ಈ ಮಗುವಿಗೆ ಯಾವ ಯಾವ ಬಾಗಿಲುಗಳು ತೆರೆದಿರುತ್ತವೆ ಎಂದು ಕೇಳುವವರು ತೀರಾ ಕಡಿಮೆ.

ಬಾಗಿಲುಗಳೇನೂ ಕಡಿಮೆಯಿಲ್ಲ. ಮುಡಿಪುವಿನಲ್ಲಿ ನಮ್ಮ ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯವಿದೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆಗೆ ಸಾವಿರಾರು ಮಕ್ಕಳು ಪ್ರವೇಶ ಪರೀಕ್ಷೆ ಬರೆಯುತ್ತಾರೆ. ಆಯ್ಕೆಯಾದವರಿಗೆ ಶಿಕ್ಷಣ ಉಚಿತ. ಸೈನ್ಯದತ್ತ ಒಲವಿದ್ದವರಿಗೆ ವಿಜಯಪುರ ಮತ್ತು ಕೊಡಗಿನ ಕೂಡಿಗೆಯಲ್ಲಿ ಸೈನಿಕ ಶಾಲೆಗಳಿವೆ. ಇವುಗಳಲ್ಲಿ ನವೋದಯದ ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಅಲ್ಲಿನ ನಿಯಮವೊಂದು ತಿಳಿಯದೆ ನಮ್ಮ ಅನೇಕ ಮಕ್ಕಳು ಪರೀಕ್ಷೆಗೆ ಕೂರುವ ಮೊದಲೇ ಹಿಂದೆ ಬೀಳುತ್ತಿದ್ದಾರೆ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಬೆಳೆದ ಈ ಶಾಲೆಗಳು ಮುಖ್ಯವಾಗಿ ಹಳ್ಳಿಯ ಪ್ರತಿಭಾವಂತ ಮಕ್ಕಳಿಗಾಗಿ ಇರುವಂಥವು. ಆರನೆಯ ತರಗತಿಗೆ 80 ಸೀಟುಗಳು. ಅದರಲ್ಲಿ ಕನಿಷ್ಠ ಶೇಕಡಾ 75 ಗ್ರಾಮೀಣ ಮಕ್ಕಳಿಗೆ. ಗ್ರಾಮೀಣ ಎಂದರೆ ಮನೆ ಹಳ್ಳಿಯಲ್ಲಿದ್ದರೆ ಸಾಲದು. ಮೂರು, ನಾಲ್ಕು, ಐದು ಈ ಮೂರೂ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಮಧ್ಯೆ ಸ್ವಲ್ಪ ಕಾಲ ನಗರದ ಶಾಲೆಯಲ್ಲಿ ಓದಿದರೂ ಮಗು ನಗರದ ಪಟ್ಟಿಗೆ ಸೇರುತ್ತದೆ. ಉಳಿದ ಸುಮಾರು 20 ಸೀಟುಗಳಿಗೆ ನಗರದವರ ಜೊತೆ ಹಳ್ಳಿಯ ಮಕ್ಕಳೂ ಅಂಕದ ಆಧಾರದಲ್ಲಿ ಸ್ಪರ್ಧಿಸುತ್ತಾರೆ.

ಈಗ ಪಾವೂರು, ಹರೇಕಳದಂತಹ ಊರುಗಳ ಮನೆಗಳನ್ನು ನೆನೆದುಕೊಳ್ಳಿ. ಬಾಪ ಗಲ್ಫಿನಲ್ಲಿ ದುಡಿಯುತ್ತಿರುತ್ತಾರೆ. ಮಗು ಚೆನ್ನಾಗಿ ಓದಲಿ ಎಂಬ ಆಸೆಯಿಂದ ಉಮ್ಮ ಬೆಳಗ್ಗೆ ಬೇಗನೆ ವ್ಯಾನ್ ಹತ್ತಿಸಿ ನಗರದ ಶಾಲೆಗೆ ಕಳುಹಿಸುತ್ತಾರೆ. ಆ ವ್ಯಾನು ಕೆಲವೊಮ್ಮೆ ಊರಿನ ಸರಕಾರಿ ಶಾಲೆಯ ಗೇಟಿನ ಎದುರಿನಿಂದಲೇ ಹಾದುಹೋಗುತ್ತದೆ! ಫೀಸು ಕೊಟ್ಟು ಗ್ರಾಮೀಣ ಸೀಟನ್ನು ಕಳಕೊಂಡದ್ದು ಅವರ ಅರಿವಿಗೇ ಬರುವುದಿಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರಿದ ದುಡ್ಡಿನಿಂದ ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ತಂದ ಹಾಜಬ್ಬರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ನಾವೆಲ್ಲ ಸಂಭ್ರಮಿಸಿದೆವು. ಅಂಥ ಶಾಲೆಗಳಿಗೆ ನಮ್ಮ ಮಕ್ಕಳನ್ನು ಕಳುಹಿಸಲು ಮಾತ್ರ ಹಿಂಜರಿಯುತ್ತೇವೆ.

ಇನ್ನೊಂದು ಎಚ್ಚರಿಕೆ. ಕೋಟೆಕಾರು, ಸೋಮೇಶ್ವರ, ಬಜ್ಪೆ ಮೊದಲಾದ ಊರುಗಳು ಈಗ ಗ್ರಾಮ ಪಂಚಾಯತ್‌ಗಳಲ್ಲ. ಶಾಲೆ ಇರುವ ಜಾಗ ಯಾವ ಆಡಳಿತಕ್ಕೆ ಸೇರಿದೆ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಬಂದರು, ಕುದ್ರೋಳಿ, ಕಂಕನಾಡಿಯ ಕಡೆ ಇರುವವರು ಇದಕ್ಕಾಗಿ ಮನೆ ಬದಲಾಯಿಸಬೇಕೆಂದು ನಾನು ಹೇಳುತ್ತಿಲ್ಲ. ನಗರದ ಮಗುವೂ ಅರ್ಜಿ ಹಾಕಬಹುದು, ಆಯ್ಕೆಯೂ ಆಗಬಹುದು. ಆದರೆ ಸ್ಪರ್ಧೆ ಬಿಗಿ, ಅದೂ ಒಂದೇ ಅವಕಾಶ. ಆದ್ದರಿಂದ ಶಾಲೆಯನ್ನು ಆರಿಸುವಾಗ ಪರೀಕ್ಷೆ ಏನನ್ನು ಕೇಳುತ್ತದೆ ಎಂಬುದು ತಿಳಿದಿರಬೇಕು.

ಎರಡು ಗಂಟೆ, 80 ಪ್ರಶ್ನೆ, 100 ಅಂಕ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. 40 ಪ್ರಶ್ನೆಗಳು ಬುದ್ಧಿಸಾಮರ್ಥ್ಯದವು. ಇಲ್ಲಿ ಮಾತಿಲ್ಲ, ಚಿತ್ರಗಳೇ. ಕಾಗದವನ್ನು ಮಡಚಿ ತೂತು ಮಾಡಿ ಬಿಡಿಸಿದರೆ ಹೇಗೆ ಕಾಣುತ್ತದೆ, ಕನ್ನಡಿಯಲ್ಲಿ ಈ ಆಕಾರ ಹೇಗಿರುತ್ತದೆ, ಗುಂಪಿಗೆ ಸೇರದ ಚಿತ್ರ ಯಾವುದು, ಹೀಗೆ. ಅರ್ಧದಷ್ಟು ಅಂಕಗಳು ಇಲ್ಲಿಯೇ ಇವೆ! ಉಳಿದವುಗಳಲ್ಲಿ 20 ಪ್ರಶ್ನೆ ಗಣಿತ, 20 ಭಾಷೆ. ಭಾಷೆಯೆಂದರೆ ವ್ಯಾಕರಣದ ಬಾಯಿಪಾಠವಲ್ಲ, ಮಗು ಹಿಂದೆಂದೂ ನೋಡಿರದ ಪರಿಚ್ಛೇದವನ್ನು ಓದಿ ಉತ್ತರಿಸುವುದು.

ಆದುದರಿಂದ ಶಾಲೆಗೆ ಹೋದಾಗ ಸ್ಮಾರ್ಟ್ ಕ್ಲಾಸಿನ ಪರದೆಯನ್ನು ನೋಡಿ ಬರಬೇಡಿ. ನಾಲ್ಕನೆಯ ತರಗತಿಯ ನೋಟುಪುಸ್ತಕ ಕೇಳಿ ನೋಡಿ. ಎಲ್ಲ ಮಕ್ಕಳ ಪುಸ್ತಕದಲ್ಲೂ ಒಂದೇ ಉತ್ತರ ಒಂದೇ ವಾಕ್ಯದಲ್ಲಿದ್ದರೆ ಅದು ಬೋರ್ಡಿನಿಂದ ನಕಲು ಮಾಡಿದ್ದು. ಲೆಕ್ಕದಲ್ಲಿ ಮಗುವೇ ಬರೆದ, ಅಳಿಸಿದ, ತಿದ್ದಿದ ಗುರುತುಗಳಿದ್ದರೆ ಅಲ್ಲಿ ಕಲಿಕೆ ನಡೆಯುತ್ತಿದೆ. ಶಾಲೆಯ ಗ್ರಂಥಾಲಯದ ಬೀರುವಿಗೆ ಬೀಗವಿದೆಯೇ ಎಂದೂ ನೋಡಿ. ಹಿಂದಿನ ವರ್ಷ ನವೋದಯ, ಮೊರಾರ್ಜಿ ಪರೀಕ್ಷೆ ಬರೆದ ಮಕ್ಕಳೆಷ್ಟು ಎಂದು ಕೇಳಿ. ಪಾಸಾದವರ ಸಂಖ್ಯೆ ಆಮೇಲೆ. ಅರ್ಜಿಯನ್ನೇ ಹಾಕಿಸದ ಶಾಲೆಯಿಂದ ಏನು ನಿರೀಕ್ಷಿಸಲು ಸಾಧ್ಯ?

ಭಾಷೆಯ ವಿಷಯದಲ್ಲಿ ನಮ್ಮ ಮಕ್ಕಳ ಮೇಲಿನ ಹೊರೆ ಬೇರೆಯವರಿಗಿಲ್ಲ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಮದ್ರಸದಲ್ಲಿ ಅರಬಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್. ಎಲ್ಲವೂ ಸ್ವಲ್ಪ ಸ್ವಲ್ಪ ಬರುತ್ತದೆ, ಯಾವುದರಲ್ಲೂ ಒಂದು ಪುಟ ಸಲೀಸಾಗಿ ಓದಲಾಗದು. ನವೋದಯದ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಉರ್ದುವಿನಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ. ಇಂಗ್ಲಿಷ್ ಮೀಡಿಯಂ ತಪ್ಪೆಂದಲ್ಲ. ಆದರೆ ಒಂದು ಭಾಷೆಯಲ್ಲಾದರೂ ಗಟ್ಟಿಯಾಗಿ ಓದಲು ಕಲಿಸುವ ಶಾಲೆಯೇ ಒಳ್ಳೆಯ ಶಾಲೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೋಚಿಂಗಿನ ನೆಪದಲ್ಲಿ ಐದನೆಯ ತರಗತಿಯ ಮಕ್ಕಳನ್ನು ಮದ್ರಸ ಬಿಡಿಸುವ ಪದ್ಧತಿಯೊಂದು ಶುರುವಾಗಿದೆ. ಇದು ಅನಗತ್ಯ. ಫಜ್ರ್‌ಗೆ ಎದ್ದು, ಸಮಯಕ್ಕೆ ಸರಿಯಾಗಿ ಕುಳಿತು, ತಪ್ಪಿಲ್ಲದೆ ಓದುವ ಅಭ್ಯಾಸ ಮದ್ರಸದಿಂದಲೇ ಬರುವಂಥದ್ದು. ಮಡಚಿದ ಕಾಗದ, ಕನ್ನಡಿಯ ಚಿತ್ರಗಳ ಅಭ್ಯಾಸಕ್ಕೆ ಇಶಾ ನಮಾಝಿನ ಬಳಿಕ ಮನೆಯಲ್ಲಿ ಅರ್ಧ ಗಂಟೆ ಸಾಕು. ಉಸ್ತಾದರು ಮನಸ್ಸು ಮಾಡಿದರೆ ಭಾನುವಾರ ಮದ್ರಸದ ಕೋಣೆಯಲ್ಲೇ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಬಹುದು.

ಹೆಣ್ಣುಮಕ್ಕಳ ವಿಷಯ ಬಂದಾಗ ಹೆತ್ತವರು ಮೌನವಾಗುತ್ತಾರೆ. ನವೋದಯದಲ್ಲಿ ಮೂರನೆಯ ಒಂದು ಪಾಲು ಸೀಟು ಹುಡುಗಿಯರಿಗೇ ಇದೆ. ಹಾಸ್ಟೆಲ್, ನಮಾಝ್, ಊಟ, ಉಡುಗೆಯ ಬಗ್ಗೆ ಅಂಜಿಕೆ ಸಹಜ. ದೂರದಿಂದಲೇ ಊಹಿಸುವ ಬದಲು ಮುಡಿಪುವಿಗೆ ಹೋಗಿ ಪ್ರಾಂಶುಪಾಲರಲ್ಲಿ ನೇರವಾಗಿ ಕೇಳಿ, ಅಲ್ಲಿ ಓದುತ್ತಿರುವ ಮಕ್ಕಳ ಹೆತ್ತವರಲ್ಲೂ ಮಾತನಾಡಿ. ಆ ಮೇಲೂ ಮನಸ್ಸು ಒಪ್ಪದಿದ್ದರೆ ಅದು ನಿಮ್ಮ ತೀರ್ಮಾನ. ಮಗಳು ಪರೀಕ್ಷೆಯನ್ನಾದರೂ ಬರೆಯಲಿ.

ಕೊನೆಗೆ ಕಾಗದಪತ್ರದ ಮಾತು. ಹಿಂದುಳಿದ ವರ್ಗದ ಮೀಸಲಾತಿಗೆ ನವೋದಯವು ಕೇಂದ್ರ ಸರಕಾರದ ಪಟ್ಟಿಯನ್ನು ನೋಡುತ್ತದೆ. ನಮ್ಮಲ್ಲಿರುವ ರಾಜ್ಯದ 2ಬಿ ಪತ್ರ ಅಲ್ಲಿಗೆ ಸಾಲದು. ನಿಮ್ಮ ಪಂಗಡ ಆ ಪಟ್ಟಿಯಲ್ಲಿದ್ದರೆ ಕೇಂದ್ರದ ನಮೂನೆಯ ಪತ್ರಕ್ಕೆ ಮೊದಲೇ ತಾಲೂಕು ಕಚೇರಿಯಲ್ಲಿ ಅರ್ಜಿ ಕೊಡಿ. ಆಧಾರ್ ಮತ್ತು ಶಾಲೆಯ ದಾಖಲೆಯಲ್ಲಿ ಹೆಸರು, ಜನ್ಮ ದಿನಾಂಕ ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಿ. ಮುಹಮ್ಮದ್ ಎಂಬ ಹೆಸರು ಒಂದು ಕಡೆ ಮೊಹಮ್ಮದ್, ಇನ್ನೊಂದು ಕಡೆ ಬರೇ ಎಂ.ಡಿ. ಆಗಿರುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಅದನ್ನು ತಿದ್ದಿಸಲು ತಿಂಗಳುಗಟ್ಟಲೆ ಹಿಡಿಯಬಹುದು.