ಅಣುಗಳ ಎಡ-ಬಲ ಭೇದ: ಬಣ್ಣದಿಂದ ಪತ್ತೆ

ಔಷಧ, ಸುಗಂಧದ್ರವ್ಯ ಮತ್ತು ಆಹಾರ ಪದಾರ್ಥಗಳ ವ್ಯವಹಾರದಲ್ಲಿ ತೂಕ, ಬಣ್ಣ, ಕರಗುವ ಉಷ್ಣತೆ ಎಲ್ಲವೂ ತಾಳೆಯಾದ ಮೇಲೂ ಸರಕು ತಿರಸ್ಕೃತವಾಗಿ ಹಿಂದಿರುಗುವ ಸಂದರ್ಭವೊಂದುಂಟು. ಸರಕಿನ ಅಣುಗಳು ಬೇಡವಾದ 'ಕೈ'ಗೆ ಸೇರಿದ್ದಾಗ ಹೀಗಾಗುತ್ತದೆ.

ಅನೇಕ ಅಣುಗಳು ಎಡಗಾಲಿನ ಮತ್ತು ಬಲಗಾಲಿನ ಪಾದರಕ್ಷೆಗಳಂತೆ ಎರಡು ರೂಪಗಳಲ್ಲಿರುತ್ತವೆ. ಒಂದು ಮತ್ತೊಂದರ ಕನ್ನಡಿ ಪ್ರತಿಬಿಂಬ. ಅಂಗಾಂಶವೂ ತೂಕವೂ ಒಂದೇ ಆಗಿದ್ದರೂ ಒಂದನ್ನು ಇನ್ನೊಂದರ ಸ್ಥಾನದಲ್ಲಿ ಕೂರಿಸಲಾಗದು. ಜಮೆಯ ಮೊತ್ತವನ್ನು ಖರ್ಚಿನ ಬದಿಗೆ ಬರೆದರೆ ಅಂಕಿ ಬದಲಾಗುವುದಿಲ್ಲ, ಅರ್ಥ ಬದಲಾಗುತ್ತದೆ, ಇಲ್ಲಿಯೂ ಹಾಗೆಯೇ. ಕಾರ್ವೋನ್ ಎಂಬ ಪದಾರ್ಥದ ಒಂದು ರೂಪ ಪುದೀನ ಜಾತಿಯ ಸ್ಪಿಯರ್‌ಮಿಂಟ್‌ನ ಪರಿಮಳವನ್ನು ಕೊಟ್ಟರೆ, ಅದರ ಪ್ರತಿಬಿಂಬ ಕ್ಯಾರವೇ ಬೀಜದ ವಾಸನೆ ಬೀರುತ್ತದೆ.

ಔಷಧಗಳಲ್ಲಿ ಈ ಭೇದ ವಾಸನೆಗೆ ಮುಗಿಯುವುದಿಲ್ಲ. 1957ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದು, ಶಿಶುಗಳ ಅಂಗವೈಕಲ್ಯಕ್ಕೆ ಕಾರಣವಾಗಿ 1961ರಲ್ಲಿ ಹಿಂತೆಗೆಯಲ್ಪಟ್ಟ ಥಾಲಿಡೋಮೈಡ್ ಎರಡೂ ರೂಪಗಳ ಮಿಶ್ರಣವಾಗಿತ್ತು. ಒಂದೇ ರೂಪವನ್ನು ಬೇರ್ಪಡಿಸಿ ಮಾರಿದ್ದರೆ ಅನಾಹುತ ತಪ್ಪುತ್ತಿತ್ತೆಂಬ ಮಾತು ಪ್ರಚಾರದಲ್ಲಿದೆಯಾದರೂ ಅದು ಸರಿಯಲ್ಲ. ದೇಹದೊಳಗೆ ಒಂದು ರೂಪ ಇನ್ನೊಂದಾಗಿ ಮಾರ್ಪಡುತ್ತದೆ. ಆದರೂ ಎರಡು ರೂಪಗಳನ್ನು ಪ್ರತ್ಯೇಕವಾಗಿ ಪರಿಗಣಿಸಬೇಕೆಂಬ ಎಚ್ಚರ ಬೆಳೆಯಿತು. ಪ್ರತಿ ರೂಪವನ್ನೂ ಗುರುತಿಸಿ ಅಳೆಯುವ ವಿಧಾನ ತಯಾರಕರಲ್ಲಿರಬೇಕೆಂಬ ನೀತಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1992ರಲ್ಲಿ ಪ್ರಕಟಿಸಿತು. ಬೀದರಿನ ಕೊಳಾರದಲ್ಲಾಗಲಿ ಬೆಂಗಳೂರಿನ ಜಿಗಣಿಯಲ್ಲಾಗಲಿ ಔಷಧದ ಕಚ್ಚಾ ಸಾಮಗ್ರಿ ತಯಾರಿಸಿ ರಫ್ತು ಮಾಡುವ ಘಟಕಗಳಿಗೆ ಇದು ದೂರದ ವಿಷಯವಲ್ಲ.

ಕೈಭೇದವನ್ನು ಅಳೆಯುವ ಹಳೆಯ ಸಾಧನ ಪೋಲಾರಿಮೀಟರ್. ಸಕ್ಕರೆ ಕಾರ್ಖಾನೆಗಳಲ್ಲಿ 'ಪೋಲ್' ಎಂಬ ಹೆಸರಿನಲ್ಲಿ ನಿತ್ಯ ದಾಖಲಾಗುವ ಅಂಕಿ ಇದರ ಕೊಡುಗೆಯೇ. ಧ್ರುವೀಕೃತ ಬೆಳಕನ್ನು ದ್ರಾವಣದ ಮೂಲಕ ಹಾಯಿಸಿದಾಗ ಅದು ಯಾವ ಕಡೆಗೆ, ಎಷ್ಟು ತಿರುಗಿತೆಂಬುದನ್ನು ಉಪಕರಣ ತೋರಿಸುತ್ತದೆ. ಕಬ್ಬಿನ ಸಕ್ಕರೆ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಆದರೆ ಬೇರೊಂದು ಕಲ್ಮಶವೂ ಬೆಳಕನ್ನು ತಿರುಗಿಸಬಲ್ಲದಾದರೆ ಅಂಕಿ ದಾರಿ ತಪ್ಪಿಸುತ್ತದೆ. ಹೆಚ್ಚು ನಿಖರವಾದ ಮಾರ್ಗವೆಂದರೆ ವಿಶೇಷ ಕಾಲಂ ಅಳವಡಿಸಿದ ಎಚ್‌ಪಿಎಲ್‌ಸಿ ಯಂತ್ರ. ಅದಕ್ಕೆ ತಗಲುವ ಬಂಡವಾಳ, ದ್ರಾವಕ ಮತ್ತು ಸಮಯ ಮೂರೂ ಸಣ್ಣ ಘಟಕಕ್ಕೆ ಭಾರವೇ.

ಬಣ್ಣದ ಪರೀಕ್ಷೆಗಳು ಗಮನ ಸೆಳೆಯುವುದು ಇಲ್ಲಿ. ಇದರ ಒಂದು ಮಾದರಿ ಬಹುಕಾಲದಿಂದ ಬಳಕೆಯಲ್ಲಿದೆ ಎಂಬುದು ಅನೇಕರಿಗೆ ತಿಳಿಯದು. ಮೂತ್ರದಲ್ಲಿ ಗ್ಲೂಕೋಸ್ ಇದೆಯೇ ಎಂದು ತೋರಿಸುವ ಕಾಗದದ ಪಟ್ಟಿ 1956ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು. ಪಟ್ಟಿಯಲ್ಲಿರುವ ಕಿಣ್ವ ಬಲಗೈ ಗ್ಲೂಕೋಸನ್ನು, ಎಂದರೆ ಡಿ-ಗ್ಲೂಕೋಸನ್ನು, ಮಾತ್ರ ಹಿಡಿಯುತ್ತದೆ. ಅದರಿಂದ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ವರ್ಣದ್ರವ್ಯವನ್ನು ಬದಲಿಸುತ್ತದೆ. ಪ್ರತಿಬಿಂಬದ ಗ್ಲೂಕೋಸಿಗೆ ಬಣ್ಣ ಬಾರದು.

ಆದರೆ ಎಲ್ಲ ಅಣುಗಳಿಗೂ ಒಪ್ಪುವ ಕಿಣ್ವ ಸಿದ್ಧವಾಗಿ ದೊರೆಯುವುದಿಲ್ಲ. ಕೃತಕ ಗ್ರಾಹಕ ಅಣುಗಳನ್ನು ಕಟ್ಟುವ ಪ್ರಯತ್ನ ಅದರಿಂದಲೇ ಆರಂಭವಾಯಿತು. ಜಪಾನಿನ ಯೂಜಿ ಕುಬೊ ಮತ್ತು ಸಂಗಡಿಗರು 1996ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಂತಹ ಒಂದನ್ನು ವರದಿ ಮಾಡಿದರು: ಒಂದು ಕೈಯ ಅಣು ಸೇರಿದರೆ ದ್ರಾವಣದ ಬಣ್ಣ ಬದಲಾಗುತ್ತದೆ, ಇನ್ನೊಂದು ಕೈಯದು ಸೇರಿದರೆ ಇಲ್ಲ. ನೆದರ್ಲೆಂಡ್ಸ್‌ನ ಬೆನ್ ಫೆರಿಂಗಾ (ಇವರು 2016ರ ನೊಬೆಲ್ ಪುರಸ್ಕೃತರು) ತಮ್ಮ ಸಹೋದ್ಯೋಗಿಯೊಡನೆ 2001ರಲ್ಲಿ ದ್ರವಸ್ಫಟಿಕಗಳನ್ನು ಬಳಸಿದರು. ಕೆಲವು ದ್ರವಸ್ಫಟಿಕಗಳಲ್ಲಿ ಅಣುಗಳು ಸುರುಳಿ ಮೆಟ್ಟಿಲಿನಂತೆ ಜೋಡಣೆಗೊಂಡಿರುತ್ತವೆ. ಸುರುಳಿ ಬಿಗಿಯಾದಂತೆ ಪ್ರತಿಫಲಿಸುವ ಬಣ್ಣ ನೀಲಿಯತ್ತ, ಸಡಿಲಾದಂತೆ ಕೆಂಪಿನತ್ತ ಸರಿಯುತ್ತದೆ. ಅಂತಹ ಸುರುಳಿಗೆ ಅತಿಥಿಯಾಗಿ ಬಂದ ಅಣು ಒಂದು ಕೈಯದಾದರೆ ಬಿಗಿಗೊಳಿಸುತ್ತದೆ, ಇನ್ನೊಂದು ಕೈಯದಾದರೆ ಸಡಿಲಿಸುತ್ತದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಎರಿಕ್ ಆನ್ಸ್ಲಿನ್ ತಂಡದ ವಿಧಾನ ಮತ್ತೂ ಸರಳ. ಗ್ರಾಹಕದಲ್ಲಿ ಮೊದಲೇ ಒಂದು ವರ್ಣದ್ರವ್ಯವನ್ನು ಕೂರಿಸಿರುತ್ತಾರೆ. ಪರೀಕ್ಷಿಸುವ ಅಣು ಬಂದು ಅದನ್ನು ಹೊರದೂಡುತ್ತದೆ. ಯಾವ ಕೈ ಎಷ್ಟು ಬಲವಾಗಿ ದೂಡಿತೆಂಬುದು ಬಣ್ಣದಲ್ಲಿ ಕಾಣುತ್ತದೆ. ಇದನ್ನು ಓದಲು ಬಹಳಷ್ಟು ಘಟಕಗಳ ಪ್ರಯೋಗಾಲಯದಲ್ಲಿ ಈಗಾಗಲೇ ಇರುವ ಸ್ಪೆಕ್ಟ್ರೋಫೋಟೋಮೀಟರ್ ಸಾಕಾಗುತ್ತದೆಂಬುದೇ ಲೆಕ್ಕಾಚಾರದ ದೃಷ್ಟಿಯಿಂದ ಮುಖ್ಯ ಸಂಗತಿ.

ಲಾಭ ಎಲ್ಲಿದೆ? ಹಲವು ಹಂತಗಳ ತಯಾರಿಕೆಯಲ್ಲಿ ಮೊದಲ ಹಂತದಲ್ಲೇ ಬೇಡದ ರೂಪ ಹೆಚ್ಚಾಗಿದ್ದುದು ಕೊನೆಯಲ್ಲಿ ತಿಳಿದರೆ, ನಡುವಿನ ದ್ರಾವಕ, ವಿದ್ಯುತ್, ಕೂಲಿ ಎಲ್ಲವೂ ನಷ್ಟದ ಬಾಬತ್ತೇ. ಬಣ್ಣದ ಪರೀಕ್ಷೆ ಪ್ರತಿ ಹಂತದಲ್ಲಿಯೂ ಅಗ್ಗದ ಕಾವಲಾಗಬಲ್ಲದು. ಅದಕ್ಕೆ ಮಿತಿಗಳೂ ಇವೆ. ಒಂದು ಗ್ರಾಹಕ ಒಂದು ವರ್ಗದ ಅಣುಗಳಿಗೆ ಮಾತ್ರ ಒಪ್ಪುತ್ತದೆ. ಪ್ರಮಾಣ ತಿಳಿದ ಮಾದರಿಗಳೊಂದಿಗೆ ಮೊದಲು ಹೊಂದಿಸಿಕೊಳ್ಳಬೇಕು. ದ್ರವಸ್ಫಟಿಕದ ಬಣ್ಣ ಕೋಣೆಯ ಉಷ್ಣತೆಗೂ ಬದಲಾಗುತ್ತದೆ. ಖರೀದಿದಾರನಿಗೆ ಕೊಡುವ ಪ್ರಮಾಣಪತ್ರಕ್ಕೆ ಔಷಧಕೋಶ ವಿಧಿಸಿರುವ ಪರೀಕ್ಷೆಯೇ ಬೇಕು, ಬಣ್ಣದ ಫಲಿತಾಂಶ ಅದರ ಬದಲಿಯಲ್ಲ.

ಅಂಕಿಗಳನ್ನು ಓದುವಾಗಲೂ ಜಾಗ್ರತೆ ಅಗತ್ಯ. 100 ಕೆ.ಜಿ. ಸರಕಿನಲ್ಲಿ ಬೇಕಾದ ರೂಪ 95 ಕೆ.ಜಿ., ಬೇಡದ್ದು 5 ಕೆ.ಜಿ. ಇದ್ದರೆ ರಸಾಯನಜ್ಞರು ಬರೆಯುವ 'ಆಧಿಕ್ಯ' 95 ಅಲ್ಲ, ಎರಡರ ವ್ಯತ್ಯಾಸವಾದ 90%. ಇನ್ನೊಂದೆಡೆ ಎರಡೂ ರೂಪಗಳು ಸಮಪಾಲಾಗಿರುವ ಸರಕು ರಾಸಾಯನಿಕವಾಗಿ 99% ಶುದ್ಧವೆಂದು ದಾಖಲಾಗಬಹುದು. ಆಗ ಆಧಿಕ್ಯ ಸೊನ್ನೆ. ಆದುದರಿಂದ ಖರೀದಿ ಕರಾರಿನಲ್ಲಿ 'ಶುದ್ಧತೆ' ಎಂದಷ್ಟೇ ಇದ್ದರೆ ಸಾಲದು. ಯಾವ ರೂಪ, ಎಷ್ಟು ಆಧಿಕ್ಯ, ಯಾವ ವಿಧಾನದಿಂದ ಅಳೆದದ್ದು ಎಂಬ ಮೂರನ್ನೂ ಸರಕು ಹೊರಡುವ ಮೊದಲೇ ಬರೆಸಿಕೊಳ್ಳುವುದು ಮಾರುವವರಿಗೂ ಕೊಳ್ಳುವವರಿಗೂ ಕ್ಷೇಮ.