ಕಾಸು ಬೇಡದ ಕೈಗೆಲಸ



ಕೈಗೆಲಸವೆಂದರೆ ಬಣ್ಣದ ಕಾಗದ, ಥರ್ಮೊಕೋಲು, ಮಿನುಗುಪುಡಿ, ಅಂಟಿನ ಬಾಟಲಿ ಮೊದಲಾದವುಗಳನ್ನು ಅಂಗಡಿಯಿಂದ ಕೊಂಡು ತಂದು ಮಾಡುವ ಅಲಂಕಾರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ನಿಮ್ಮಲ್ಲಿ ಮಾತ್ರವಲ್ಲ, ನಿಮಗೆ ಪಾಠ ಹೇಳುವ ನನ್ನಲ್ಲಿಯೂ ಇದ್ದಿತು. ಅದು ತಪ್ಪೆಂದು ನನಗೆ ತಿಳಿಸಿಕೊಟ್ಟವರು ಯಾವ ಪಂಡಿತರೂ ಅಲ್ಲ. ತುರ್ಭೆಯ ಗುಡ್ಡದ ಬದಿಯ ಚಾಳೊಂದರಲ್ಲಿ ಬಾಗಿಲೆದುರು ಮಣ್ಣು ಕಲಸುತ್ತ ಕುಳಿತಿದ್ದ ಒಬ್ಬ ಅಜ್ಜಿ.

ಎರಡು ವರ್ಷಗಳ ಹಿಂದೆ, ಮಳೆಗಾಲದ ಆರಂಭದಲ್ಲಿ, ನಾನು ಐದನೆಯ ತರಗತಿಯ ಮಕ್ಕಳಿಗೆ ಕೈಗೆಲಸದ ಸಾಮಾನುಗಳ ಪಟ್ಟಿಯೊಂದನ್ನು ಬರೆಯಿಸಿದ್ದೆನು. ಅದರ ಬೆಲೆ ಎಷ್ಟಾದೀತೆಂದು ಲೆಕ್ಕ ಹಾಕಿರಲಿಲ್ಲ. ಮರುದಿನದಿಂದ ಒಬ್ಬ ಹುಡುಗಿ ಶಾಲೆಗೆ ಬರಲಿಲ್ಲ. ಮೂರು ದಿನ ಕಳೆದ ಮೇಲೆ ಅವಳ ಮನೆಯನ್ನು ಹುಡುಕಿಕೊಂಡು ಹೋದೆನು. ತಂದೆ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಹೋಗಿದ್ದರು. ಹುಡುಗಿ ಅಜ್ಜಿಯ ಪಕ್ಕದಲ್ಲಿ ಕುಳಿತು ಮಣ್ಣು ನಾದುತ್ತಿದ್ದಳು. ನನ್ನನ್ನು ಕಂಡೊಡನೆ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

“ಮಾಸ್ತರ್ರ, ಈಕಿ ಸಾಲಿಗೆ ಹೋಗಂಗಿಲ್ಲ ಅಂತಾಳ್ರಿ. ಅಂಗಡಿ ಸಾಮಾನಿಗೆ ರೊಕ್ಕ ಬೇಕಂತ. ಅಪ್ಪನ್ನ ಕೇಳಾಕ ಅಂಜತಾಳ. ಅದಕ್ಕ, ಎತ್ತು ಮಾಡೋದರೆ ಕಲೀಲಿ ಅಂತ ಕುಂದ್ರಿಸೀನ್ರಿ” ಎಂದರು ಅಜ್ಜಿ.

ನನಗೆ ಮಾತು ಹೊರಡಲಿಲ್ಲ. ಅಜ್ಜಿಯ ಮುಂದೆ ಒಂದು ಜೊತೆ ಎತ್ತು ಸಿದ್ಧವಾಗಿ ನಿಂತಿದ್ದವು. ಅವುಗಳ ಎದುರಿಗೆ ಮಣ್ಣಿನದೇ ಒಂದು ಪುಟ್ಟ ಗ್ವಾದಲಿ, ಎಂದರೆ ಮೇವು ಹಾಕುವ ತೊಟ್ಟಿ. ಬೇಕಾದ ಎರೆಮಣ್ಣನ್ನು ಅಜ್ಜಿ ಊರಿನ ಹೊಲದಿಂದ ಗಂಟು ಕಟ್ಟಿ ತಂದಿದ್ದರು. ಒಂದು ಪೈಸೆಯ ಖರ್ಚೂ ಇರಲಿಲ್ಲ. ವಿಜಯಪುರ ಜಿಲ್ಲೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಓದಿದ ನಾನೂ ಬಾಲ್ಯದಲ್ಲಿ ಇದನ್ನೇ ಮಾಡಿದವನು. ನಗರಕ್ಕೆ ಬಂದು ಮರೆತಿದ್ದೆನು. ಆ ಎತ್ತುಗಳನ್ನೇ ಮರುದಿನ ಶಾಲೆಗೆ ತರುವಂತೆ ಹುಡುಗಿಗೆ ಹೇಳಿದೆನು. ತರಗತಿಯಲ್ಲಿ ಹಿಂದಿನ ಪಟ್ಟಿಯನ್ನು ಹರಿದುಹಾಕಿಸಿದೆನು. ಅಂದಿನಿಂದ ನಾವು ಮಾಡುತ್ತ ಬಂದಿರುವ ನಾಲ್ಕು ಕೈಗೆಲಸಗಳನ್ನು ಇಲ್ಲಿ ವಿವರಿಸುತ್ತೇನೆ. ನಾಲ್ಕೂ ಸೇರಿದರೆ ಒಂದೇ ಆಟದ ಸಾಮಾನಾಗುತ್ತದೆ: ಎತ್ತು, ಎತ್ತಿಗೆ ಬಂಡಿ, ಬಂಡಿಯಲ್ಲಿ ಬುಟ್ಟಿ, ಕೂರುವವರಿಗೆ ಕೌದಿ.

ಮೊದಲನೆಯದು, ಮಣ್ಣೆತ್ತು. ಜ್ಯೇಷ್ಠ ಮಾಸದ ಅಮಾವಾಸ್ಯೆಯನ್ನು ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯೆಂದು ಕರೆಯುತ್ತಾರೆ. ಅಂದು ಮನೆಮನೆಯಲ್ಲಿ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವರು. ಅಲ್ಲಿಂದ ಮುಂದೆ ಗುಳ್ಳವ್ವ, ನಾಗಪ್ಪ, ಗಣಪತಿ, ಜೋಕುಮಾರ ಎಂದು ಮಳೆಗಾಲವಿಡೀ ಮಣ್ಣಿನ ಮೂರ್ತಿಗಳು ಬರುತ್ತಲೇ ಇರುತ್ತವೆ. ನಮ್ಮ ಮರಾಠಿ ನೆರೆಯವರು ಶ್ರಾವಣದ ಅಮಾವಾಸ್ಯೆಯಂದು ಪೋಳಾ ಹಬ್ಬ ಆಚರಿಸಿ ಎತ್ತುಗಳನ್ನು ಪೂಜಿಸುವುದನ್ನು ನೀವು ಕಂಡಿರಬಹುದು.

ಊರಿಗೆ ಹೋಗಿ ಬರುವವರಿದ್ದರೆ ಒಂದು ಸೇರಿನಷ್ಟು ಎರೆಮಣ್ಣು ತರಿಸಿಕೊಳ್ಳಿರಿ. ಇಲ್ಲವಾದರೆ ಮನೆ ಕಟ್ಟಲು ಪಾಯ ತೋಡಿದ ಕಡೆ ಸಿಗುವ ಶುದ್ಧವಾದ ಮಣ್ಣನ್ನು ದೊಡ್ಡವರಿಂದ ತರಿಸಿರಿ. ಕಾರ್ಖಾನೆಗಳ ಬದಿಯ ನಾಲೆಗಳ ಕೆಸರನ್ನು ಮಾತ್ರ ಎಂದಿಗೂ ಮುಟ್ಟಕೂಡದು. ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಹಳೆಯ ತೆಳುಬಟ್ಟೆಯಲ್ಲಿ ಜಾಲಿಸಿ ಕಲ್ಲು ಬೇರುಗಳನ್ನು ತೆಗೆಯಬೇಕು. ಅನಂತರ ನೀರು ಬೆರೆಸಿ, ಒದ್ದೆ ಬಟ್ಟೆ ಹೊದಿಸಿ, ಒಂದು ರಾತ್ರಿ ಬಿಡಬೇಕು. ಮರುದಿನ ಅದನ್ನು ರೊಟ್ಟಿಯ ಹಿಟ್ಟಿನಂತೆ ಚೆನ್ನಾಗಿ ನಾದಬೇಕು. ಹದ ಬಂದಿತೋ ಇಲ್ಲವೋ ತಿಳಿಯಲು ಒಂದು ಉಪಾಯವುಂಟು. ಸ್ವಲ್ಪ ಮಣ್ಣನ್ನು ಸೀಸದಕಡ್ಡಿಯಷ್ಟು ದಪ್ಪಗೆ ಹೊಸೆದು ಬೆರಳಿಗೆ ಸುತ್ತಿರಿ. ಬಿರುಕು ಬಿಟ್ಟರೆ ನೀರು ಸಾಲದು. ಬೆರಳಿಗೆ ಮೆತ್ತಿಕೊಂಡರೆ ನೀರು ಹೆಚ್ಚು. ಎರಡೂ ಆಗದಿದ್ದರೆ ಹದ ಸರಿಯಾಗಿದೆ.

ಎತ್ತಿನ ಕಾಲುಗಳನ್ನು ಬೇರೆಯಾಗಿ ಮಾಡಿ ಅಂಟಿಸಬಾರದು, ಒಣಗಿದಾಗ ಕಳಚಿ ಬೀಳುತ್ತವೆ. ಒಂದು ಮುಷ್ಟಿ ಮಣ್ಣಿನ ಉಂಡೆಯಿಂದಲೇ ನಾಲ್ಕು ಮೋಟುಕಾಲುಗಳನ್ನು ಎಳೆದು ತೆಗೆಯಿರಿ. ಬೆನ್ನನ್ನು ಚಿವುಟಿ ಎತ್ತಿದರೆ ಇಣಿ, ಕೊರಳ ಕೆಳಗೆ ಒತ್ತಿ ಜೋಲಿಸಿದರೆ ಗಂಗೆದೊಗಲು. ಕೋಡುಗಳನ್ನು ಮಾತ್ರ ಅಂಟಿಸಲೇಬೇಕು. ಅಂಟಿಸುವ ಎರಡೂ ಕಡೆ ಕಡ್ಡಿಯಿಂದ ಗೀರು ಹಾಕಿ, ನೀರಾಗಿ ಕಲಸಿದ ಅದೇ ಮಣ್ಣನ್ನು ಹಚ್ಚಿ ಒತ್ತಿರಿ. ಕಣ್ಣಿಗೆ ಎರಡು ಜೋಳದ ಕಾಳು ಸಾಕು.

ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಗೆಯಲ್ಲಿ ಊರಿನ ಹೊಲಗಳು ಬಾಯಿ ಬಿಡುವುದು ಇದೇ ಕಾರಣದಿಂದ. ಬಿಸಿಲಿಗಿಟ್ಟ ಎತ್ತಿನ ಹೊರಮೈ ಬೇಗ ಒಣಗಿ ಕುಗ್ಗುತ್ತದೆ. ಒಳಗಿನ ಹಸಿಮಣ್ಣು ಇನ್ನೂ ಕುಗ್ಗಿರುವುದಿಲ್ಲ. ಆದುದರಿಂದ ಮೈ ಸೀಳುತ್ತದೆ. ಇದನ್ನು ತಪ್ಪಿಸಲು ನಾದುವಾಗಲೇ ಚಿಕ್ಕದಾಗಿ ಕತ್ತರಿಸಿದ ಒಣಹುಲ್ಲನ್ನೋ ಹತ್ತಿಯ ಎಳೆಗಳನ್ನೋ ಸೇರಿಸಿ, ನೆರಳಿನಲ್ಲಿ ನಾಲ್ಕಾರು ದಿನ ನಿಧಾನವಾಗಿ ಒಣಗಿಸಬೇಕು. ಮಾವಿನ ಹಣ್ಣಿನ ಪೆಟ್ಟಿಗೆಯಲ್ಲಿ ಹಾಸಿ ಬರುವ ಹುಲ್ಲು ಇದಕ್ಕೆ ಬಲು ಚೆನ್ನು.

ಎರಡನೆಯದು, ಬಂಡಿ. ಊರಿನಲ್ಲಿ ಹುಡುಗರು ಜೋಳದ ದಂಟಿನಿಂದ ಬಂಡಿ ಕಟ್ಟುತ್ತಾರೆ. ದಂಟಿನ ಒಳಗಿನ ಮೃದುವಾದ ಬೆಂಡು ಮರದ ತುಂಡಾಗುತ್ತದೆ. ಸುಲಿದ ಸಿಬಿರು ಮೊಳೆಯಾಗುತ್ತದೆ. ತುರ್ಭೆಯಲ್ಲಿ ಜೋಳದ ದಂಟಿಲ್ಲ. ಆದರೆ ಸಗಟು ಮಾರುಕಟ್ಟೆಯಿಂದಾಗಿ ರಟ್ಟಿನ ಪೆಟ್ಟಿಗೆಗಳಿಗೆ ನಮ್ಮಲ್ಲಿ ಬರವಿಲ್ಲ.

ರಟ್ಟಿನಲ್ಲಿ 12 ಸೆಂಟಿಮೀಟರು ಉದ್ದ, 8 ಸೆಂಟಿಮೀಟರು ಅಗಲದ ಹಲಗೆಯೊಂದನ್ನು ಕತ್ತರಿಸಿರಿ. ಗಾಲಿಗಳಿಗೆ 6 ಸೆಂಟಿಮೀಟರು ಅಗಲದ ನಾಲ್ಕು ಬಿಲ್ಲೆಗಳು ಬೇಕು. ಪೆಟ್ಟಿಗೆಯ ರಟ್ಟನ್ನು ಅಂಚಿನಿಂದ ನೋಡಿದರೆ ಒಳಗೆ ಅಲೆಅಲೆಯಾದ ಕಾಗದ ಕಾಣುವುದು. ಆ ಅಲೆಗಳ ದಿಕ್ಕಿನಲ್ಲಿ ರಟ್ಟು ಸುಲಭವಾಗಿ ಮಡಚುತ್ತದೆ, ಅಡ್ಡದಿಕ್ಕಿನಲ್ಲಿ ಮಡಚುವುದಿಲ್ಲ. ಆದುದರಿಂದ ಎರಡೆರಡು ಬಿಲ್ಲೆಗಳನ್ನು ಒಂದರ ಅಲೆಗೆ ಮತ್ತೊಂದರ ಅಲೆ ಅಡ್ಡ ಬರುವಂತೆ ಅಂಟಿಸಿದರೆ ಗಾಲಿ ಗಟ್ಟಿಯಾಗುತ್ತದೆ. ಒಂದು ಚಮಚ ಮೈದಾ ಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಕದಡಿ, ಮಂದವಾಗುವವರೆಗೆ ಕುದಿಸಿದರೆ ಅಂಟು ಸಿದ್ಧ. ಒಲೆಯ ಕೆಲಸವನ್ನು ಅವ್ವನಿಗೋ ಅಕ್ಕನಿಗೋ ಬಿಡಿರಿ.

ಗಾಲಿಯ ನಡುವನ್ನು ಕಂಡುಹಿಡಿಯುವುದು ಹೇಗೆ? ಅಳತೆಪಟ್ಟಿಯೂ ಬೇಡ, ಕೈವಾರವೂ ಬೇಡ. ಗಾಲಿಯಷ್ಟೇ ದೊಡ್ಡ ಕಾಗದದ ಬಿಲ್ಲೆಯೊಂದನ್ನು ಕತ್ತರಿಸಿ, ಅರ್ಧಕ್ಕೆ ಮಡಚಿ, ಮತ್ತೊಮ್ಮೆ ಅರ್ಧಕ್ಕೆ ಮಡಚಿ ಬಿಚ್ಚಿರಿ. ಎರಡು ಮಡಿಕೆಗಳೂ ವ್ಯಾಸಗಳು. ಅವು ಕೂಡುವ ಬಿಂದುವೇ ಕೇಂದ್ರ. ಅದನ್ನು ಗಾಲಿಯ ಮೇಲಿಟ್ಟು ಚುಚ್ಚಿದರಾಯಿತು. ಹೀಗೆ ಕಾಗದ ಮಡಚಿಯೇ ರೇಖಾಗಣಿತವನ್ನು ಕಲಿಸಬಹುದೆಂದು ಟಿ. ಸುಂದರ ರಾವ್ ಎಂಬ ಭಾರತೀಯರು 1893ರಲ್ಲಿ ಮದ್ರಾಸಿನಿಂದ ಒಂದು ಗ್ರಂಥವನ್ನೇ ಪ್ರಕಟಿಸಿದರು. ಜರ್ಮನಿಯ ಫ್ರೋಬೆಲ್ ಎಂಬ ಶಿಕ್ಷಣತಜ್ಞನು ಚಿಕ್ಕಮಕ್ಕಳಿಗಾಗಿ ರೂಪಿಸಿದ್ದ ಕಿಂಡರ್‌ಗಾರ್ಟನ್ ಪದ್ಧತಿಯ ಕಾಗದದ ಆಟವೇ ಆ ಗ್ರಂಥಕ್ಕೆ ಪ್ರೇರಣೆಯಾಗಿತ್ತು. ಆಟದ ಕಾಗದವೂ ವಿದ್ವಾಂಸರ ಕೈಯಲ್ಲಿ ಶಾಸ್ತ್ರವಾಗುತ್ತದೆ!

ಬರೆದು ಮುಗಿದ ಬಾಲ್‌ಪೆನ್ನಿನ ರೀಫಿಲ್ಲು ಗಾಲಿಗಳ ಅಚ್ಚು. ಅದರ ಮೇಲೆ ಒಂದು ಹಾಳೆಯ ಪಟ್ಟಿಯನ್ನು ಸಡಿಲವಾಗಿ ಸುತ್ತಿ ಅಂಟಿಸಿ ಕೊಳವೆ ಮಾಡಿರಿ; ಕೊಳವೆಯನ್ನು ಹಲಗೆಯ ಅಡಿಗೆ ಅಂಟಿಸಿರಿ. ಅಂಟು ಪೂರ್ಣ ಒಣಗಿದ ಮೇಲೆ ಅಚ್ಚನ್ನು ತೂರಿಸಿ, ಎರಡು ತುದಿಗೂ ಗಾಲಿಗಳನ್ನು ಬಿಗಿಯಾಗಿ ಸಿಕ್ಕಿಸಿರಿ. ಗಾಲಿ ಕಳಚದಂತೆ ತುದಿಯಲ್ಲಿ ದಾರವನ್ನು ದಪ್ಪಗೆ ಸುತ್ತಿದರೆ ಅದೇ ಕಡಾಣಿ. ಮುಂದಕ್ಕೆ ಚಾಚುವಂತೆ ಎರಡು ಕಸಬರಿಗೆಯ ಕಡ್ಡಿಗಳನ್ನು ಜೋಡಿಸಿ ಕಟ್ಟಿದರೆ ಮೂಕಿ. ಅದರ ತುದಿಗೆ ಅಡ್ಡವಾಗಿ ಕಟ್ಟಿದ ಕಡ್ಡಿಯೇ ನೊಗ. ನೊಗವನ್ನು ಎತ್ತುಗಳ ಇಣಿಯ ಮುಂದೆ ಇಟ್ಟರೆ ಬಂಡಿ ಹೂಡಿದಂತಾಯಿತು.

ಮೂರನೆಯದು, ಕಾಗದದ ಬುಟ್ಟಿ. ಹತ್ತು ಹಾಳೆ ಹಳೆಯ ವೃತ್ತಪತ್ರಿಕೆಯನ್ನು ಚೂರು ಮಾಡಿ ಒಂದು ದಿನ ನೀರಿನಲ್ಲಿ ನೆನೆಯಿಡಿರಿ. ಬೇರೊಂದು ಬಟ್ಟಲಿನಲ್ಲಿ ಎರಡು ಚಮಚ ಮೆಂತ್ಯವನ್ನು ನೆನೆಯಿಡಿರಿ. ಮರುದಿನ ಕಾಗದದ ನೀರು ಹಿಂಡಿ, ಮೆಂತ್ಯದೊಡನೆ ನುಣ್ಣಗೆ ಅರೆಯಿರಿ. ಮೆಂತ್ಯದ ಲೋಳೆಯು ಕಾಗದದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಹಿಂದಿನ ಕಾಲದ ಗೃಹಿಣಿಯರು ಬಿದಿರಿನ ಮೊರ ಬುಟ್ಟಿಗಳ ಸಂದು ಮುಚ್ಚಲು ಬಳಿಯುತ್ತಿದ್ದುದು ಇದನ್ನೇ. ಒಂದು ಬಟ್ಟಲನ್ನು ಬೋರಲಿಟ್ಟು, ಎಣ್ಣೆ ಸವರಿ, ಈ ರೊಜ್ಜನ್ನು ಅರ್ಧ ಸೆಂಟಿಮೀಟರು ದಪ್ಪಕ್ಕೆ ಎಲ್ಲೆಡೆಯೂ ಸಮನಾಗಿ ಮೆತ್ತಿರಿ. ಬಂಡಿಯಲ್ಲಿಡುವುದಕ್ಕೆ ಚಹದ ಬಟ್ಟಲಿನಷ್ಟು ಅಳತೆ ಸಾಕು; ಉಳಿದ ರೊಜ್ಜಿನಿಂದ ಸೀಸದಕಡ್ಡಿ, ಸುಣ್ಣದಕಡ್ಡಿ ಇಡಲು ದೊಡ್ಡದನ್ನು ಮಾಡಬಹುದು. ಮೂರು ನಾಲ್ಕು ದಿನ ಬಿಸಿಲು ಬೇಕಾದುದರಿಂದ ಇದನ್ನು ದೀಪಾವಳಿಯ ರಜೆಯಲ್ಲಿ ಮಾಡಿರಿ. ಮಳೆಗಾಲದಲ್ಲಿ ಮಾಡಿದರೆ ಬೂಸಲು ಹಿಡಿಯುತ್ತದೆ. ಪತ್ರಿಕೆಯ ಮಸಿ ಇರುವುದರಿಂದ ಇದರಲ್ಲಿ ತಿಂಡಿ ಇಡಬಾರದು.

ಇದು ಬರಿಯ ಮಕ್ಕಳಾಟವೆಂದು ತಿಳಿಯಬೇಡಿರಿ. ಕೊಪ್ಪಳದ ಬಳಿಯ ಕಿನ್ನಾಳ ಗ್ರಾಮದ ಚಿತ್ರಗಾರರು ಹಗುರವಾದ ಮರದ ಗೊಂಬೆಗಳಿಗೆ ಹೆಸರಾದವರು. ಅವರೂ ಗೊಂಬೆಯ ಮೈಯನ್ನು ತಿದ್ದಲು ಚಿಂದಿಬಟ್ಟೆ, ಮರದ ಹೊಟ್ಟು, ಹುಣಸೆಬೀಜದ ಅಂಟು ಇಂತಹ ಅಗ್ಗದ ವಸ್ತುಗಳನ್ನೇ ಬಳಸುತ್ತಾರೆ. ಸಾಮಾನು ಅಗ್ಗವಾದುದು, ಬೆಲೆ ಬರುವುದು ಕೈಯಿಂದ.

ನಾಲ್ಕನೆಯದು, ಕೌದಿ. ನಿಮ್ಮಲ್ಲಿ ಹಲವರು ರಾತ್ರಿ ಹೊದೆಯುವುದು ಅವ್ವನೋ ಅಜ್ಜಿಯೋ ಹೊಲಿದ ಕೌದಿಯನ್ನೇ. ಹಳೆಯ ಸೀರೆ ಧೋತರಗಳ ಪದರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಸಾದಾ ಹೊಲಿಗೆಯಿಂದ ಹಿಡಿದು ಹೊಲಿದುದೇ ಕೌದಿ. ಕೂರುವ ಪುಟ್ಟ ಕೌದಿಗೆ 16 ಸೆಂಟಿಮೀಟರಿನ ಒಂಬತ್ತು ಚೌಕದ ತುಂಡುಗಳು ಬೇಕು. ಪ್ರತಿಯೊಂದರ ನಾಲ್ಕು ಅಂಚುಗಳನ್ನೂ 1 ಸೆಂಟಿಮೀಟರು ಒಳಕ್ಕೆ ಮಡಚಿದರೆ ಚೌಕ 14 ಸೆಂಟಿಮೀಟರು ಉಳಿಯುವುದು. ಸಾಲಿಗೆ ಮೂರರಂತೆ ಮೂರು ಸಾಲು ಇಟ್ಟರೆ ಕೌದಿಯ ಅಳತೆ ಎಷ್ಟಾಯಿತು? 42 ಸೆಂಟಿಮೀಟರು. ಅಷ್ಟೇ ಅಳತೆಯ ಮೂರು ಪದರ ಹಳೆಯ ಬಟ್ಟೆಯ ಮೇಲೆ ಇವನ್ನು ಹಾಸಿ, ಅಂಚಿನಿಂದ ಆರಂಭಿಸಿ ಸುತ್ತುತ್ತ ಒಳಕ್ಕೆ ಬನ್ನಿರಿ. ಹೊಲಿಗೆಯ ಸಾಲುಗಳ ನಡುವೆ ಒಂದು ಬೆರಳಿನ ಅಂತರವಿರಲಿ. ಹೊಲಿಗೆ ಹುಡುಗಿಯರ ಕೆಲಸವೆಂದು ಹುಡುಗರು ದೂರ ಸರಿಯಬಾರದು. ಪ್ಯಾಂಟು ಅಂಗಿ ಹೊಲಿಯುವ ದರ್ಜಿಗಳಲ್ಲಿ ಎಷ್ಟು ಮಂದಿ ಗಂಡಸರಿಲ್ಲ?

ಇಂತಹ ಕೆಲಸದಿಂದ ಓದು ಹಾಳಾಗುವುದೆಂದು ಕೆಲವು ಪಾಲಕರು ಅಂಜುತ್ತಾರೆ. ನಮ್ಮ ಮಹಾರಾಷ್ಟ್ರದ ವಾರ್ಧಾದಲ್ಲಿಯೇ 1937ರಲ್ಲಿ ನಡೆದ ಶಿಕ್ಷಣ ಪರಿಷತ್ತಿನಲ್ಲಿ ಮಹಾತ್ಮಾ ಗಾಂಧಿಯವರು, ಮಗುವಿನ ಶಿಕ್ಷಣವು ಕೈಕಸುಬಿನ ಸುತ್ತಲೇ ಬೆಳೆಯಬೇಕೆಂಬ ವಿಚಾರವನ್ನು ದೇಶದ ಮುಂದಿಟ್ಟರು. ಕಸುಬು ಓದಿಗೆ ಅಡ್ಡಿಯಲ್ಲ, ಓದಿನ ಬಾಗಿಲು ಎಂಬುದು ಅವರ ಅಭಿಪ್ರಾಯ. ನನ್ನ ಚಿಕ್ಕ ಅನುಭವವೂ ಅದೇ. ಒಮ್ಮೆ ಪಾಠದಲ್ಲಿ ‘ನೊಗ’ ಎಂಬ ಶಬ್ದ ಬಂದಾಗ ಇಡೀ ತರಗತಿ ಸುಮ್ಮನೆ ಕುಳಿತಿತ್ತು. ಬೀದಿಯಲ್ಲಿ ಹಿಂದಿ ಮರಾಠಿಗಳನ್ನು ಕೇಳಿ ಬೆಳೆದ ನಿಮಗೆ ಆ ಶಬ್ದ ಎಲ್ಲಿಂದ ಬರಬೇಕು? ನಾನು ಹಲಗೆಯ ಮೇಲೆ ಅರ್ಥ ಬರೆದೆನು. ಮರುದಿನ ಯಾರಿಗೂ ನೆನಪಿರಲಿಲ್ಲ. ಬಂಡಿ ಮಾಡಿದ ಮೇಲೆ ನೊಗ, ಮೂಕಿ, ಅಚ್ಚು, ಕಡಾಣಿ, ಇಣಿ ಯಾವುದನ್ನೂ ಯಾರೂ ಮರೆತಿಲ್ಲ. ಬಾಯಿಪಾಠ ಮಾಡಿದ ಶಬ್ದ ಪರೀಕ್ಷೆಯವರೆಗೆ ಇದ್ದೀತು. ಕೈಯಿಂದ ಕಲಿತ ಶಬ್ದ ಕೈಯಿರುವವರೆಗೆ ಇರುತ್ತದೆ.

ಇನ್ನೊಂದು ಮಾತು. ನಿಮ್ಮ ತಂದೆತಾಯಿಗಳಲ್ಲಿ ಬಹುಜನರು ಮೂಟೆ ಹೊತ್ತು, ಕಲ್ಲು ಒಡೆದು, ಗೋಡೆ ಕಟ್ಟಿ ನಿಮ್ಮನ್ನು ಓದಿಸುತ್ತಿದ್ದಾರೆ. ತಮಗೆ ಅಕ್ಷರ ಬಾರದೆಂದು ಅವರು ಶಾಲೆಯ ಹೊಸ್ತಿಲಲ್ಲಿಯೇ ನಿಂತು ಹಿಂದಿರುಗುವುದನ್ನು ನಾನು ಕಂಡಿದ್ದೇನೆ. ಈ ಕೈಗೆಲಸದಲ್ಲಿ ಮಾತ್ರ ಅವರೇ ಗುರುಗಳು. ನಾನೂ ಅವರ ಮುಂದೆ ಶಿಷ್ಯನೇ. ಆದುದರಿಂದ ಮುಂದಿನ ರಜೆಯಲ್ಲಿ ಅಜ್ಜಿಯ ಬಳಿ ಕುಳಿತು ಒಂದು ಎತ್ತನ್ನಾದರೂ ಮಾಡಿರಿ. ಅವರು ಹೇಳುವ ಹೆಸರುಗಳನ್ನು ಪಟ್ಟಿ ಮಾಡಿ ತನ್ನಿರಿ. ಕೈ ಕೆಸರಾದುದಕ್ಕೆ ನಾಚಿ ಬೆನ್ನ ಹಿಂದೆ ಅಡಗಿಸುವುದು ಬೇಡ. ಆ ಹುಡುಗಿ ಈಗ ಏಳನೆಯ ತರಗತಿಯಲ್ಲಿದ್ದಾಳೆ. ಚಿಕ್ಕ ತರಗತಿಯ ಮಕ್ಕಳಿಗೆ ಮಣ್ಣಿನ ಹದ ನೋಡುವುದನ್ನು ಕಲಿಸುವವಳು ಅವಳೇ. ಕಲಿಯಬಯಸುವವರು ಅವಳನ್ನು ಕೇಳಬಹುದು.