ಹಬ್ಬದ ರಜೆ ಉಳಿಯಿತು, ಹಬ್ಬದ ಮಕ್ಕಳು ಹೋದರು

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದ ಸಂಜೆ ಕೇರಳ ಮೂಲದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಹುಳಿ ಬರಿಸದ ಹಿಟ್ಟಿನಿಂದ ಒಂದು ಬಗೆಯ ಅಪ್ಪ ಬೇಯುತ್ತದೆ. ಅಕ್ಕಿ, ಉದ್ದು, ತೆಂಗಿನಕಾಯಿ ಸೇರಿದ ಈ ಅಪ್ಪವನ್ನು ಮನೆಯ ಹಿರಿಯನು ಪ್ರಾರ್ಥನೆಯ ನಂತರ ಮುರಿದು ಎಲ್ಲರಿಗೂ ಹಂಚುತ್ತಾನೆ. ಬೆಂಗಳೂರಿನ ಸುದ್ದಗುಂಟೆಪಾಳ್ಯದಂಥ ಬಡಾವಣೆಗಳಿಗೂ ಈ ಪದ್ಧತಿ ಬಂದು ನೆಲೆಸಿದೆ. ಇದರ ಹೆಸರು 'ಪೆಸಹಾ ಅಪ್ಪಂ'. ಹೀಬ್ರೂ ಭಾಷೆಯ 'ಪೆಸಾಹ್' ಎಂಬ ಪದ ಸಿರಿಯಾಕ್ ಭಾಷೆಯನ್ನು ಹಾದು ಮಲಯಾಳಕ್ಕೆ ಬಂದು, ಅಲ್ಲಿಂದ ಹೊಸೂರು ರಸ್ತೆಯ ಮಗ್ಗುಲನ್ನು ತಲುಪಿದೆ. ಯೆಹೂದಿಗಳ ಅತಿ ದೊಡ್ಡ ಹಬ್ಬದ ಹೆಸರು ಹೀಗೆ ಯೆಹೂದಿಗಳೇ ಇಲ್ಲದ ಪಾಳ್ಯವೊಂದರಲ್ಲಿ ಪ್ರತಿವರ್ಷ ಉಚ್ಚರಿತವಾಗುತ್ತಿದೆ.

ಇದೇ ಪಾಳ್ಯಕ್ಕೆ ಹೊಂದಿಕೊಂಡು ಧರ್ಮಾರಾಮ್ ಕಾಲೇಜು ಮತ್ತು ಕ್ರೈಸ್ಟ್ ವಿಶ್ವವಿದ್ಯಾಲಯಗಳಿವೆ. ಎರಡೂ ಸಿರೋ-ಮಲಬಾರ್ ಪರಂಪರೆಯ ಸಿ.ಎಂ.ಐ. ಪಾದ್ರಿಗಳ ಸಭೆಗೆ ಸೇರಿದವು. ಮೊದಲನೆಯದು ಗುರುಮಠ, ಅದು 1957ರಲ್ಲಿ ಕೇರಳದಿಂದ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಎರಡನೆಯದು 1969ರಲ್ಲಿ ಕಾಲೇಜಾಗಿ ಆರಂಭವಾಗಿ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಕ್ರೈಸ್ತರು ಕಟ್ಟಿದ ಈ ಆವರಣದಲ್ಲಿ ಇಂದು ಓದುವವರು ಎಲ್ಲ ಮತಗಳ ಮಕ್ಕಳು. ಸಂವಿಧಾನದ 30ನೇ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ವಿದ್ಯಾಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕು ನೀಡಿದೆ. ಹಾಗೆ ಕಟ್ಟಿದ ಶಾಲೆಗೆ ಅನ್ಯರ ಮಕ್ಕಳೂ ಬರುವುದು ನಮ್ಮ ನಗರಗಳಲ್ಲಿ ಹೊಸತಲ್ಲ. ಆದರೆ ಸ್ಥಾಪಿಸಿದ ಸಮುದಾಯದ ಮಕ್ಕಳು ಸಂಪೂರ್ಣವಾಗಿ ಇಲ್ಲವಾದ ಮೇಲೂ ಶಾಲೆ ನಡೆಯುತ್ತಲೇ ಇದ್ದರೆ? ಭಾರತದ ಯೆಹೂದಿ ಶಾಲೆಗಳ ಪಾಡು ಬಹುಮಟ್ಟಿಗೆ ಅದು.

ಪಂಚಾಂಗವೇ ಪಠ್ಯ

ಯೆಹೂದಿ ಶಾಲೆಯೆಂದರೆ ಗಣಿತ, ವಿಜ್ಞಾನಗಳ ಜೊತೆಗೆ ಒಂದಿಷ್ಟು ಧರ್ಮಬೋಧೆ ಮಾಡುವ ಶಾಲೆ ಎಂದು ಭಾವಿಸಿದರೆ ಅರ್ಧ ಮಾತ್ರ ತಿಳಿದಂತೆ. ಬೆಳಗಿನ ಹೊತ್ತು ಹೀಬ್ರೂ ಮತ್ತು ಧರ್ಮಗ್ರಂಥಗಳು, ಉಳಿದ ಹೊತ್ತು ಸರ್ಕಾರಿ ಪಠ್ಯ ಎಂಬ ಹಂಚಿಕೆ ಸಾಮಾನ್ಯ. ಆದರೆ ಶಾಲೆಯನ್ನು ನಿಜವಾಗಿ ನಡೆಸುವುದು ಅದರ ಪಂಚಾಂಗ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್; ಆ ಅವಧಿಯಲ್ಲಿ ಬೆಂಕಿ ಹೊತ್ತಿಸುವಂತಿಲ್ಲ, ಬರೆಯುವಂತೆಯೂ ಇಲ್ಲ. ಆದ್ದರಿಂದ ಶುಕ್ರವಾರ ಶಾಲೆ ಬೇಗ ಬಿಡುತ್ತದೆ. ಬೇರೆ ಶಾಲೆಗಳಲ್ಲಿ ಓದುವ ಯೆಹೂದಿ ಬಾಲಕನಿಗೆ ಶನಿವಾರದ ಪರೀಕ್ಷೆ ಎಂಥ ಇಕ್ಕಟ್ಟು ಎಂಬುದನ್ನು ಇದರಿಂದ ಊಹಿಸಬಹುದು.

ಈ ಪಂಚಾಂಗ ಕನ್ನಡಿಗರಿಗೆ ಅಪರಿಚಿತವೆನಿಸದು. ಅದು ಚಾಂದ್ರಮಾನದ್ದು, ಆದರೆ ಋತುಗಳಿಂದ ಹಬ್ಬಗಳು ಜಾರದಂತೆ 19 ವರ್ಷಗಳಲ್ಲಿ 7 ಬಾರಿ ಅಧಿಕ ಮಾಸವನ್ನು ಸೇರಿಸುತ್ತದೆ. ನಮ್ಮಲ್ಲಿ ಸಂಕ್ರಮಣವಿಲ್ಲದ ಮಾಸ ಅಧಿಕವಾಗುತ್ತದೆ, ಅವರಲ್ಲಿ ಯಾವಾಗಲೂ 'ಅದಾರ್' ಮಾಸವೇ ಇಮ್ಮಡಿಯಾಗುತ್ತದೆ. ದಿನ ಆರಂಭವಾಗುವುದು ಸೂರ್ಯೋದಯಕ್ಕಲ್ಲ, ಸೂರ್ಯಾಸ್ತಕ್ಕೆ.

ವರ್ಷದ ಮೊದಲ ಸಿದ್ಧತೆ ಹೊಸ ವರ್ಷಕ್ಕೆ ಒಂದು ತಿಂಗಳು ಮುಂಚೆಯೇ ಶುರು. ಎಲುಲ್ ಮಾಸದಲ್ಲಿ ಸಬ್ಬತ್ ಬಿಟ್ಟು ಉಳಿದ ಬೆಳಗುಗಳಲ್ಲಿ ಟಗರಿನ ಕೊಂಬಿನ ಕಹಳೆ 'ಶೋಫಾರ್' ಮೊಳಗುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಬರುವ ತಿಷ್ರಿ ಮಾಸದಲ್ಲಿ ಹೊಸ ವರ್ಷ, ಹತ್ತನೆಯ ದಿನ ಉಪವಾಸದ ಯೋಮ್ ಕಿಪ್ಪೂರ್, ಹದಿನೈದರಿಂದ ಪರ್ಣಶಾಲೆಗಳ ಹಬ್ಬ ಸುಕ್ಕೋತ್. ಸುಕ್ಕೋತ್‌ಗೆ ಶಾಲೆಯ ಅಂಗಳದಲ್ಲಿ ಚಪ್ಪರ ಏಳುತ್ತದೆ. ಕಡಿದು ತಂದ ಸೊಪ್ಪು, ಗರಿಗಳಿಂದಲೇ ಮಾಡು ಹೊದಿಸಬೇಕು, ಆದರೆ ನಕ್ಷತ್ರ ಕಾಣದಷ್ಟು ದಟ್ಟವಾಗಿ ಅಲ್ಲ. ಖರ್ಜೂರದ ಗರಿ ಮತ್ತು ಇನ್ನೆರಡು ಬಗೆಯ ರೆಂಬೆಗಳ ಜೊತೆಗೆ ಕೈಯಲ್ಲಿ ಹಿಡಿಯುವ 'ಎತ್ರೋಗ್' ಹಣ್ಣು ನಮ್ಮ ಮಾದಲದ ಬಳಗದ್ದು. ಮುಂದೆ ದೀಪಗಳ ಹನುಕ್ಕಾ. ಆನಂತರ ಪೂರಿಮ್: ಎಸ್ತೇರ್ ರಾಣಿಯ ಕಥೆ ಓದುವಾಗ ಖಳನಾಯಕ ಹಾಮಾನನ ಹೆಸರು ಬಂದೊಡನೆ ಮಕ್ಕಳು ಗಿಲಕಿ ತಿರುವಿ, ನೆಲ ಬಡಿದು ಗದ್ದಲ ಎಬ್ಬಿಸಬೇಕು. ತರಗತಿಯಲ್ಲಿ ಗಲಾಟೆ ಕಡ್ಡಾಯವಾಗುವ ಇಂಥ ದಿನ ಜಗತ್ತಿನ ಶಾಲೆಗಳಲ್ಲಿ ಅಪರೂಪವೇ ಸರಿ. ಆ ಕಥೆಯ ಮೊದಲ ವಾಕ್ಯದಲ್ಲಿಯೇ ಭಾರತದ ಹೆಸರಿದೆ ಎಂಬುದು ಇಲ್ಲಿನ ಓದುಗರು ಗಮನಿಸಬಹುದಾದ ಸಂಗತಿ.

ಪೆಸಾಹ್‌ದು ಬೇರೆಯೇ ಮಾತು. ಈಜಿಪ್ಟಿನ ದಾಸ್ಯದಿಂದ ಆತುರಾತುರವಾಗಿ ಹೊರಟವರಿಗೆ ಹಿಟ್ಟು ಹುದುಗಲೂ ಸಮಯವಿರಲಿಲ್ಲವೆಂಬ ನೆನಪಿಗೆ ಹುದುಗಿದ ಧಾನ್ಯದ ಆಹಾರ ಆ ದಿನಗಳಲ್ಲಿ ನಿಷಿದ್ಧ. ಮನೆಯಲ್ಲಷ್ಟೇ ಅಲ್ಲ, ಶಾಲೆಯಲ್ಲೂ ಬ್ರೆಡ್ಡಿನ ಒಂದು ಚೂರು ಉಳಿಯಬಾರದು. ಡೆಸ್ಕುಗಳ ಸಂದಿ, ಊಟದ ಡಬ್ಬಿ, ಪುಸ್ತಕದ ಚೀಲದ ತಳ ಎಲ್ಲವನ್ನೂ ಮಕ್ಕಳೇ ಕೊಡವಿ ಶುಚಿಗೊಳಿಸುತ್ತಾರೆ. ಹಬ್ಬದ ಮುನ್ನಾರಾತ್ರಿ ಮನೆಗಳಲ್ಲಿ ಮೇಣದ ಬತ್ತಿ ಹಿಡಿದು ಚೂರುಗಳ ಶೋಧ ನಡೆಯುತ್ತದೆ. ಯುಗಾದಿಗೆ ಮುಂಚೆ ಮನೆಯನ್ನೆಲ್ಲ ಸಾರಿಸುವವರಿಗೆ ಇದು ಅರ್ಥವಾಗದ ಕೆಲಸವಲ್ಲ. ನೀರು ಬೆರೆಸಿದ 18 ನಿಮಿಷಗಳೊಳಗೆ ಬೆಂದಿರಬೇಕಾದ 'ಮತ್ಸಾ' ರೊಟ್ಟಿಯನ್ನು ಶಾಲೆಗಳಲ್ಲಿ ಮಕ್ಕಳ ಕೈಯಿಂದ ಲಟ್ಟಿಸುವುದೂ ಉಂಟು. ಎಲ್ಲಕ್ಕಿಂತ ಮುಖ್ಯವಾದುದು ತಾಲೀಮು. ಹಬ್ಬದ ರಾತ್ರಿಯ 'ಸೇದೆರ್' ಭೋಜನದಲ್ಲಿ ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಹೇಗೆ ಬೇರೆ ಎಂಬ ಅರ್ಥದ ಪ್ರಶ್ನೆಗಳನ್ನು ಕೇಳುವುದು ಮನೆಯ ಅತಿ ಕಿರಿಯ ಮಗು. ಅದು ಕೇಳಿದ ಮೇಲೆ ಹಿರಿಯರು ಕಥೆ ಹೇಳುತ್ತಾರೆ. ಅದಕ್ಕಾಗಿ ಶಿಶುವಿಹಾರದ ಮಕ್ಕಳು ವಾರಗಟ್ಟಲೆ ಆ ಸಾಲುಗಳನ್ನು ಉರುಹೊಡೆಯುತ್ತಾರೆ. ಮಗುವಿಲ್ಲದಿದ್ದರೆ ಹಿರಿಯರೇ ಕೇಳಿಕೊಳ್ಳಬೇಕೆಂಬ ನಿಯಮವೂ ಇದೆ.

ಗಡಿಗೆ ಮುಚ್ಚುವ ಹಬ್ಬ

ಭಾರತದಲ್ಲಿ ಈ ಪ್ರಶ್ನೆ ಕೇಳುವ ಮಕ್ಕಳು ಅತಿ ಹೆಚ್ಚಾಗಿದ್ದುದು ಕೊಂಕಣದಲ್ಲಿ. ಅಲಿಬಾಗ್ ಬಳಿಯ ನವಗಾಂವ್ ಕರಾವಳಿಯಲ್ಲಿ ಹಡಗು ಒಡೆದು ಬದುಕುಳಿದವರ ಸಂತತಿ ತಾವೆಂದು ಬೆನೆ ಇಸ್ರಾಯೇಲರು ನಂಬುತ್ತಾರೆ. ಎಣ್ಣೆ ತೆಗೆಯುವ ಕಸುಬಿನವರಾಗಿದ್ದು ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಹೊರೆಯವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಗ್ರಂಥಗಳನ್ನೂ ಹೀಬ್ರೂವನ್ನೂ ಕಳೆದುಕೊಂಡರೂ ಹಬ್ಬಗಳನ್ನು ಅವರು ಕಳೆದುಕೊಳ್ಳಲಿಲ್ಲ. ಅವಕ್ಕೆ ಮರಾಠಿ ಹೆಸರುಗಳನ್ನಿಟ್ಟರು. ಹೊಸ ವರ್ಷ 'ನವ್ಯಾಚಾ ಸಣ'. ಉಪವಾಸದ ದಿನ ಬಾಗಿಲು ಮುಚ್ಚಿ ಒಳಗೇ ಇರುವುದರಿಂದ 'ದಾರ್‌ಫಾಳ್ಣೀಚಾ ಸಣ'. ಅದರ ಮರುದಿನ, ನಮ್ಮ ಹಳ್ಳಿಗಳ ಹಬ್ಬದ ಮರುದಿನದಂತೆಯೇ, ಹಳಸಿದ ಹಬ್ಬ 'ಶಿಳಾ ಸಣ'. ತಿಷ್ರಿ ಮಾಸದಲ್ಲಿಯೇ ಪಾಯಸದ 'ಖಿರೀಚಾ ಸಣ'. ಪೂರಿಮ್ ಹೋಳಿಯ ಆಸುಪಾಸಿನಲ್ಲಿ ಬರುವುದರಿಂದ 'ಹೋಳೀಚಾ ಸಣ'. ಪೆಸಾಹ್‌ಗೆ ಅವರಿಟ್ಟ ಹೆಸರಿನ ಅರ್ಥ ಹುಳಿರಸದ ಗಡಿಗೆಯನ್ನು ಮುಚ್ಚಿಡುವ ಹಬ್ಬ. ಹುಳಿ ಏಕೆ ಬೇಡವೆಂಬ ಕಥೆ ಮಾಸಿತ್ತು, ಗಡಿಗೆ ಮುಚ್ಚುವ ಕೈ ಮಾತ್ರ ಮರೆತಿರಲಿಲ್ಲ. ಹನುಕ್ಕಾ ಅವರ ಹಳೆಯ ಹಬ್ಬಗಳಲ್ಲಿ ಇರಲೇ ಇಲ್ಲ.

ಕರ್ನಾಟಕದ ಚರಿತ್ರೆಯೂ ಒಂದೆಡೆ ಇವರನ್ನು ತಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್ ಎಂಬ ಬೆನೆ ಇಸ್ರಾಯೇಲ ಅಧಿಕಾರಿ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನಿಗೆ ಸೆರೆಯಾದನು. ಸೆರೆಯಾಳುಗಳು ಇಸ್ರಾಯೇಲರ ಮಕ್ಕಳೆಂದು ತಿಳಿದ ಟಿಪ್ಪುವಿನ ತಾಯಿ ಅವರ ಪ್ರಾಣ ಉಳಿಸಿದಳೆಂಬುದು ಐತಿಹ್ಯ. ಬಿಡುಗಡೆಯಾಗಿ ಮರಳಿದ ದಿವೇಕರ್ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ ಕಟ್ಟಿಸಿದನೆಂಬುದಂತೂ ಚರಿತ್ರೆ.

ಕಳೆದುಹೋದ ಹೀಬ್ರೂವನ್ನು ಅವರಿಗೆ ಮತ್ತೆ ಕಲಿಸಿದವರಲ್ಲಿ ಕೊಚ್ಚಿಯ ಯೆಹೂದಿ ಗುರುಗಳಂತೆ ಕ್ರೈಸ್ತ ಮಿಷನರಿಗಳೂ ಇದ್ದರು. ಜಾನ್ ವಿಲ್ಸನ್ 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನೇ ಪ್ರಕಟಿಸಿದರು. ಮಿಷನ್ ಶಾಲೆಗಳ ಉಪಕಾರವನ್ನು ಉಂಡ ಸಮುದಾಯ ಕೊನೆಗೆ ತನ್ನದೇ ಶಾಲೆ ಬೇಕೆಂದು ಬಯಸಿದ್ದು ಸಹಜ. ಹಾಯಿಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ ಮತ್ತು ಸಂಗಡಿಗರು 1875ರಲ್ಲಿ ಮುಂಬಯಿಯಲ್ಲಿ ಇಸ್ರಾಯೇಲೈಟ್ ಶಾಲೆಯನ್ನು ತೆರೆದರು. ಮುಂದೆ ದಾನಿಯ ಹೆಸರಿನಿಂದ ಅದು ಸರ್ ಎಲ್ಲಿ ಕದೂರಿ ಶಾಲೆಯಾಯಿತು. ಬಾಗ್ದಾದಿನಿಂದ ಬಂದ ಶ್ರೀಮಂತ ಸಸೂನ್ ಕುಟುಂಬದವರು ಬೈಕುಲ್ಲಾದಲ್ಲಿ ತಮ್ಮ ಸಮುದಾಯದ ಮಕ್ಕಳಿಗೆ ಬೇರೆ ಶಾಲೆ ಕಟ್ಟಿದರು. ಕಲ್ಕತ್ತೆಯಲ್ಲಿ ಬಾಗ್ದಾದಿ ಯೆಹೂದಿಗಳ ಬಾಲಕಿಯರ ಶಾಲೆ 1881ರಲ್ಲಿ ಆರಂಭವಾಯಿತು.

ಬೆಂಗಳೂರು ಈ ಸಾಲಿಗೆ ಸೇರಲಿಲ್ಲ. ಇಲ್ಲಿ ಇದ್ದವರು ಬೆರಳೆಣಿಕೆಯ ಕುಟುಂಬಗಳು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಗಳ ಮಳಿಗೆ ನಡೆಸಿದ ರೂಬಿನ್ ಮೋಸೆಸ್ ಅವರ ಹೆಸರನ್ನು ದಂಡು ಪ್ರದೇಶದ ಹಳಬರು ಬಲ್ಲರು. ನಾಜಿ ಜರ್ಮನಿಯನ್ನು ತೊರೆದು ಬಂದ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಸಮುದಾಯದ ಗುರುತಾಗಿ ನಗರದಲ್ಲಿ ಉಳಿದಿರುವುದು ಮೈಸೂರು ರಸ್ತೆಯ ಪುಟ್ಟ ಸ್ಮಶಾನ. ಸತ್ತವರಿಗೆ ಜಾಗ ಬೇಕಾಗಲು ಒಂದು ಕುಟುಂಬ ಸಾಕು; ಶಾಲೆ ಬೇಕಾಗಲು ನೂರು ಮನೆಗಳಾದರೂ ಬೇಕು.

ಬೆಂಚುಗಳಲ್ಲಿ ಬೇರೆ ಮಕ್ಕಳು

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಈ ನೂರು ಮನೆಗಳ ಲೆಕ್ಕ ಮುಂಬಯಿ, ಕಲ್ಕತ್ತೆಗಳಲ್ಲೂ ತಪ್ಪತೊಡಗಿತು. ಬೆನೆ ಇಸ್ರಾಯೇಲರು ಹೆಚ್ಚಾಗಿ ಇಸ್ರೇಲಿಗೆ, ಬಾಗ್ದಾದಿಗಳು ಹೆಚ್ಚಾಗಿ ಇಂಗ್ಲೆಂಡ್ ಮತ್ತಿತರ ದೇಶಗಳಿಗೆ ತೆರಳಿದರು. ಯಾರೂ ಅಟ್ಟಲಿಲ್ಲ, ಯಾವ ದ್ವೇಷವೂ ಕಾರಣವಾಗಲಿಲ್ಲ ಎಂಬುದನ್ನು ಹೋದವರೇ ಮತ್ತೆ ಮತ್ತೆ ಹೇಳಿದ್ದಾರೆ. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚಿದ್ದ ಯೆಹೂದಿಗಳು 2011ರ ಜನಗಣತಿಯಲ್ಲಿ ಐದು ಸಾವಿರಕ್ಕೂ ಕಡಿಮೆ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಅವರಿಗೆ ಅಲ್ಪಸಂಖ್ಯಾತ ಸ್ಥಾನಮಾನ ನೀಡಿತು. ಸ್ವಂತ ಶಾಲೆ ನಡೆಸಲು ಇದು ನೆರವಾಗುವ ನಿರ್ಣಯ, ಆದರೆ ಬಂದದ್ದು ತಡವಾಗಿ.

ಶಾಲೆಗಳು ಮಾತ್ರ ಮುಚ್ಚಲಿಲ್ಲ. ಬೈಕುಲ್ಲಾದ ಸರ್ ಜೇಕಬ್ ಸಸೂನ್ ಶಾಲೆಯಲ್ಲಿ ಇಂದು ಓದುವವರು ಬಹುತೇಕ ಸುತ್ತಮುತ್ತಲಿನ ಮುಸ್ಲಿಂ ಮಕ್ಕಳು. ಕೋಲ್ಕತ್ತದ ಜ್ಯೂಯಿಷ್ ಗರ್ಲ್ಸ್ ಸ್ಕೂಲಿನದು ಇನ್ನೂ ವಿಶೇಷ. ಯೆಹೂದಿ ವಿದ್ಯಾರ್ಥಿನಿಯರಿಲ್ಲದೆ ದಶಕಗಳೇ ಕಳೆದಿವೆ. ವಿದ್ಯಾರ್ಥಿನಿಯರಲ್ಲಿ ಬಹುಪಾಲು ಮುಸ್ಲಿಮರು. ಸಮವಸ್ತ್ರದ ಲಾಂಛನದಲ್ಲಿ ದಾವೀದನ ಆರು ಮೂಲೆಯ ನಕ್ಷತ್ರ. ಯೆಹೂದಿ ಹಬ್ಬಗಳಿಗೆ ರಜೆ ಕೊಡುವ ರೂಢಿ ಅಲ್ಲಿ ಮುಂದುವರಿದಿರುವುದನ್ನು ಪತ್ರಿಕಾ ವರದಿಗಳು ದಾಖಲಿಸಿವೆ. ಆ ನಗರದ ಸಿನಗಾಗ್‌ಗಳನ್ನು ತಲೆಮಾರುಗಳಿಂದ ನೋಡಿಕೊಂಡು ಬಂದವರೂ ಮುಸ್ಲಿಂ ಕುಟುಂಬಗಳೇ. ಪಶ್ಚಿಮ ಏಷ್ಯಾದ ಸುದ್ದಿಯನ್ನಷ್ಟೇ ಓದುವವರಿಗೆ ಇದು ಸೋಜಿಗ. ಹುಡುಗಿಯರನ್ನು ಅಲ್ಲಿಗೆ ಸೇರಿಸುವ ತಾಯ್ತಂದೆಯರಿಗೆ ಅದು ಒಳ್ಳೆಯ ಇಂಗ್ಲಿಷ್ ಮಾಧ್ಯಮದ, ಹೆಣ್ಣುಮಕ್ಕಳಿಗೇ ಮೀಸಲಾದ ಶಾಲೆ, ಅಷ್ಟೆ.

ರಜೆ ಉಳಿದರೂ ಸಿದ್ಧತೆ ಉಳಿಯುವುದಿಲ್ಲ. ಚಪ್ಪರ ಕಟ್ಟುವ, ಚೀಲ ಕೊಡವುವ, ಪ್ರಶ್ನೆಗಳನ್ನು ಉರುಹೊಡೆಯುವ ಕೆಲಸವನ್ನು ಗೌರವಕ್ಕಾಗಿ ಬೇರೆಯವರಿಂದ ಮಾಡಿಸಲು ಬಾರದು, ಮಾಡಿಸಲೂಬಾರದು. ಆ ರಜೆಯ ದಿನ ಹುಡುಗಿಯರು ಮನೆಯಲ್ಲಿರುತ್ತಾರೆ. ಕ್ಯಾಲೆಂಡರಿನ ಒಂದು ಚೌಕದಲ್ಲಿ 'ಯೋಮ್ ಕಿಪ್ಪೂರ್' ಎಂದಿರುತ್ತದೆ.

ಎರಡು ಪಂಚಾಂಗಗಳು ಮಾತ್ರ ಆಗಾಗ ತಾವಾಗಿಯೇ ಸಂಧಿಸುತ್ತವೆ. ಹಿಜರಿ ವರ್ಷಕ್ಕೆ ಅಧಿಕ ಮಾಸವಿಲ್ಲದ್ದರಿಂದ ರಂಜಾನ್ ಪ್ರತಿವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿದು, ಸುಮಾರು 33 ವರ್ಷಗಳಿಗೊಮ್ಮೆ ತಿಷ್ರಿ ಮಾಸದ ಮೇಲೆ ಬಂದು ಕೂರುತ್ತದೆ. 2005, 2006 ಮತ್ತು 2007ರಲ್ಲಿ ಹಾಗಾಯಿತು: ಯೆಹೂದಿ ಹೊಸ ವರ್ಷವೂ ರಂಜಾನಿನ ಮೊದಲ ಉಪವಾಸವೂ ಒಂದೇ ಅಮಾವಾಸ್ಯೆಯ ಬೆನ್ನಿಗೆ ಬಂದವು. 2008ರಲ್ಲಿ ಯೆಹೂದಿ ಹೊಸ ವರ್ಷ ಮುಗಿದೊಡನೆ ಈದ್. ಮುಂದಿನ ಸರದಿ 2038ರ ಸುಮಾರಿಗೆ.